ಸೇವಂತಿಗೆ ಗದ್ದೆಗೆ ಬಂದ ಬೋಟಿನ ದೀಪ

ಆ ವರ್ಷ ಜನವರಿ ಎಂಟನೇ ತಾರೀಕು ಬೆಳಿಗ್ಗೆ ಏಳೂಕಾಲಕ್ಕೆ, ತಲ್ಲೂರು ದಾಟಿ ಹೆಮ್ಮಾಡಿ ಕಡೆಗೆ ಸಿಗುವ ಬೈಲಿನಲ್ಲಿ, ಶೀನ ಎಂಬ ಸೇವಂತಿಗೆ ಬೆಳೆಗಾರ ಪಕ್ಕದ ಗದ್ದೆಯ ನಾರ್ಣನ ಬಲಗೈಗೆ ಕತ್ತಿಯಿಂದ ಎರಡು ಸಲ ಕಡಿದ. ಮೊದಲ ಏಟು ಮುಂಗೈ ಮೂಳೆಗೆ ತಾಗಿ ನಿಂತಿತು. ಎರಡನೆಯದು ಕಿರುಬೆರಳು, ಉಂಗುರಬೆರಳುಗಳ ಬುಡದ ನರ ಕತ್ತರಿಸಿತು. ಹಿಂದಿನ ದಿನದ ಪತ್ರಿಕೆಯಲ್ಲಿ ಶೀನನ ಗದ್ದೆಯ ಫೋಟೋ ಬಂದಿತ್ತು. ತೆಗೆದವನು ನಾನು. ಅಡಿಯಲ್ಲಿದ್ದ ನಾಲ್ಕು ಸಾಲು ಬರೆದವನೂ ನಾನು.

ಮೊನ್ನೆ ಸಂಕ್ರಾಂತಿಗೆ ಎರಡು ದಿನ ಇರುವಾಗ ಕುಂದಾಪುರದಿಂದ ಬೈಂದೂರಿಗೆ ಹೋಗುವ ಬಸ್ಸಿನಲ್ಲಿದ್ದೆ. ತಲ್ಲೂರಿನಲ್ಲಿ ಒಬ್ಬ ಹೆಂಗಸು ದೊಡ್ಡ ಬುಟ್ಟಿಯೊಂದಿಗೆ ಹತ್ತಿದರು. ಕಂಡಕ್ಟರ್ ಕೂಗಿದ: “ಹ್ವಾಯ್ ಅಮ್ಮ, ಬುಟ್ಟಿ ಒಳ್ಗ್ ಎಳ್ಕಣಿ. ಜನ ಕಾಲ್ ಇಡುದ್ ಎಲ್ಲಿ, ಹೂಂಗಿನ್ ಮೇಲಾ?” ಬುಟ್ಟಿಯ ಬಾಯಿಗೆ ಹಾಕಿದ್ದ ಬಾಳೆಲೆ ಸರಿದು ವಾಸನೆ ಬಂತು. ಈ ಊರಿನ ಸಣ್ಣ ಹಳದಿ ಸೇವಂತಿಗೆಗೆ ಮಲ್ಲಿಗೆಯ ಹಾಗೆ ತೇಲಿ ಬರುವ ಪರಿಮಳ ಇಲ್ಲ. ಹಸಿ ಎಲೆಯನ್ನು ಅಂಗೈಯಲ್ಲಿ ಹಿಸುಕಿದಾಗ ಬರುವ ಕಹಿ ಘಾಟು ಅದು. ತಲೆ ಎತ್ತಿ ನೋಡಿದೆ. ಬುಟ್ಟಿ ಹಿಡಿದು ನಿಂತವರು ಜಲಜ, ಶೀನನ ಹೆಂಡತಿ.

ಅವರನ್ನು ಕೊನೆಯ ಸಲ ಕಂಡದ್ದು ಐದು ವರ್ಷದ ಹಿಂದೆ. ಆಗ ನಾನು ಕುಂದಾಪುರದಲ್ಲಿ ವರದಿಗಾರನಾಗಿದ್ದೆ. ತಲ್ಲೂರಿನಿಂದ ಬೈಂದೂರಿನ ಗಡಿಯವರೆಗೆ, ಈಚೆಗೆ ಹಂಗಾರಕಟ್ಟೆಯವರೆಗೆ ನನ್ನ ಪಾಲಿನ ಕರಾವಳಿ.

ಆ ವರ್ಷದ ಹೊಡೆದಾಟ ಸಮುದ್ರದಲ್ಲಿ ಶುರುವಾಯಿತು. ಆ ಜನವರಿಗೆ ಹಿಂದಿನ ಅಕ್ಟೋಬರ್ ತಿಂಗಳಿಡೀ ಬೆಳಕು ಮೀನುಗಾರಿಕೆಯ ಜಗಳ. ಕೆಲವು ಬೋಟುಗಳು ಭಾರೀ ದೀಪ ಹಚ್ಚಿ, ಬೆಳಕಿಗೆ ಬರುವ ಮೀನನ್ನೆಲ್ಲ ಮರಿಯೂ ಬಿಡದೆ ಬಾಚುತ್ತಿದ್ದವು. ಅದಕ್ಕೆ ನಿಷೇಧ ಇತ್ತು, ಹಚ್ಚುವವರೂ ಇದ್ದರು. ಸಣ್ಣ ದೋಣಿಯವರು ಒಂದು ಬೆಳಿಗ್ಗೆ ದಡದಲ್ಲೇ ಕಾದು ಕೂತು, ಬಂದ ಬೋಟಿಗೆ ಹತ್ತಿ ದೀಪಗಳನ್ನು ಲಂಗರಿನ ಕಬ್ಬಿಣದಿಂದ ಒಡೆದರು. ತಡೆಯಲು ಹೋದ, ಬೋಟು ನಡೆಸುವ ತಾಂಡೇಲನ ತಲೆ ಒಡೆಯಿತು. ನಾನು ಹೋಗುವಾಗ ಜೆಟ್ಟಿಯ ಮೇಲೆ ರಕ್ತ, ಮೀನಿನ ನೀರು, ಗಾಜಿನ ಚೂರು ಒಂದಾಗಿ ಹರಿಯುತ್ತಿದ್ದವು. ಒಬ್ಬ ಮುದುಕಿ ಗಾಜಿನ ಮೇಲೆ ಕಾಲಿಡದ ಹಾಗೆ ಬುಟ್ಟಿ ದಾಟಿಸುತ್ತ, “ಬರ್ಕಣಿ ಪೇಪರಿನವ್ರೆ, ಬರ್ಕಣಿ. ನಾಳೆ ಇದೇ ಪೇಪರಂಗೆ ಬಂಗ್ಡಿ ಮೀನ್ ಕಟ್ಟಿ ಕೊಡ್ತೆ” ಎಂದಳು.

ಒಡೆಯದೆ ಉಳಿದ ಒಂದು ದೀಪವನ್ನು ಆ ಬೋಟಿನಲ್ಲಿ ದುಡಿಯುತ್ತಿದ್ದ ಬೈಂದೂರು ಕಡೆಯ ದಿನೇಶ ಬಲೆಯ ಅಡಿಯಲ್ಲಿ ಅಡಗಿಸಿ ಮನೆಗೆ ಒಯ್ದಿದ್ದ. ದಿನೇಶ ಜಲಜರ ತಮ್ಮ. ದೀಪಾವಳಿಗೆ ಅಕ್ಕನ ಮನೆಗೆ ಬಂದವನು ಅದನ್ನು ಭಾವನಿಗೆ ಕೊಟ್ಟ.

ಶೀನನಿಗೆ ಅದು ಬೇಕಾಗಿತ್ತು. ಹಿಂದಿನ ವರ್ಷ ಸಂಕ್ರಾಂತಿಗೆ ಮೂರು ದಿನ ಮೊದಲು ಅವನ ಗದ್ದೆಯಿಂದ ಯಾರೋ ಎರಡು ಸಾಲು ಹೂವನ್ನು ಗಿಡಸಮೇತ ಕೊಯ್ದು ಒಯ್ದಿದ್ದರು. ಈ ಸೇವಂತಿಗೆಗೆ ಅದರದೇ ಒಂದು ಹಟ. ಮಳೆಗಾಲದ ಕಾರು ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ನೆಟ್ಟರೆ, ಬೇಗ ನೆಡಲಿ ತಡವಾಗಿ ನೆಡಲಿ, ಸಂಕ್ರಾಂತಿಯ ಆಸುಪಾಸಿಗೇ ಅರಳುತ್ತದೆ. ಸುತ್ತಲಿನ ಊರಿನ ದೇವರಿಗೆಲ್ಲ ಅದೇ ಹೂವು ಬೇಕು. ಕೇಳುವವರು ಇರುವುದೂ ಆ ನಾಲ್ಕು ದಿನ ಮಾತ್ರ. ಆ ನಾಲ್ಕು ದಿನ ತಪ್ಪಿದರೆ ಮೂರು ತಿಂಗಳ ಸೊಂಟನೋವು ಗೊಬ್ಬರದ ಗುಂಡಿಗೆ. ಶೀನ ಇಪ್ಪತ್ತು ವರ್ಷ ಮುಂಬಯಿಯ ಹೋಟೆಲಿನಲ್ಲಿ ಬೇಯಿಸಿ ಊರಿಗೆ ಮರಳಿದವನು. ಕಟ್ಟುಮಸ್ತು ಆಳು. ಮಾತಿಗೆ ಮೊದಲು ಕೈ ಏಳುತ್ತಿತ್ತು. “ಈ ಸಲ ಪೂರಾ ಬಂದೋಬಸ್ತ್” ಎಂದು ಗದ್ದೆಯ ಮೂಡು ಮೂಲೆಯಲ್ಲಿ ಸಿಮೆಂಟಿನ ಕಂಬ ನೆಟ್ಟು ಬೋಟಿನ ದೀಪ ಕಟ್ಟಿದ. ಸಂಜೆ ಹಚ್ಚಿದರೆ ಬೆಳಗಿನವರೆಗೆ ಉರಿಯುತ್ತಿತ್ತು. ಗದ್ದೆಯ ನಡುವೆ ಪ್ರತಿವರ್ಷದ ಬೆದರುಬೊಂಬೆ ನಿಂತಿತ್ತು: ಎರಡು ಬಿದಿರುಗಳ ಅಡ್ಡಗಟ್ಟು, ಹೋಟೆಲಿನ ಹಳೆ ಅಂಗಿ, ತಲೆಗೆ ನಾಟಿಯ ಹೆಂಗಸರು ಮಳೆಗೆ ಬೆನ್ನ ಮೇಲೆ ಹಾಕಿಕೊಳ್ಳುವ ಎಲೆಯ ಗೊರಬು.

ನಾರ್ಣನ ಗದ್ದೆ ಅದರ ಪಕ್ಕದಲ್ಲೇ, ಆದರೆ ಆಳೆತ್ತರ ಕೆಳಗೆ. ನಡುವೆ ಕೆಂಪು ಮುರಕಲ್ಲಿನ ಕಟ್ಟೆ. ಶೀನನ ದೀಪದ ಬೆಳಕು ಕಟ್ಟೆಯ ಮೇಲಿಂದ ಹಾದುಹೋಗುತ್ತಿತ್ತು, ಕೆಳಗೆ ಇಳಿಯುತ್ತಿರಲಿಲ್ಲ. ನಾರ್ಣ ಮದುವೆಯಾಗದ ಒಂಟಿ ಮನುಷ್ಯ. ಗಿಡದ ಜೊತೆ ಮಾತಾಡುತ್ತಾನೆ ಎಂದು ನಗುತ್ತಿದ್ದರು. ಬೈಲಿನ ಎಲ್ಲರಿಗೂ ಮುಂದಿನ ಸಲ ನೆಡಲು ಗಿಡದ ಬುಡದಲ್ಲಿ ಚಿಗುರುವ ಕಂದು ಕೊಡುವವನು ಅವನೇ.

ಡಿಸೆಂಬರ್ ಮೊದಲ ವಾರ ಹೊತ್ತಲ್ಲದ ಹೊತ್ತಿನಲ್ಲಿ ಗಾಳಿಮಳೆ ಹೊಡೆಯಿತು. ಮರವಂತೆಯಲ್ಲಿ ಅಲೆ ಕಲ್ಲಿನ ತಡೆಗೋಡೆಯನ್ನು ಹಾರಿ ರಸ್ತೆಗೆ ಮರಳು ಎರಚಿತು. ಸಿದ್ದಾಪುರದ ಕಡೆ ರಬ್ಬರ್ ಮರಗಳು ನಡು ಮುರಿದು ಬಿದ್ದವು. ಬೈಲಿನ ಸೇವಂತಿಗೆ ನೆಲಕ್ಕೆ ಮಲಗಿ ಮತ್ತೆ ಎದ್ದಿತು. ಎದ್ದ ಮೇಲೆ ವ್ಯತ್ಯಾಸ ಕಾಣಿಸಿತು. ನಾರ್ಣನ ಗಿಡಗಳಲ್ಲಿ ಕಡಲೆಯಷ್ಟು ಮೊಗ್ಗು. ಶೀನನ ಗಿಡಗಳಲ್ಲಿ ಎಲೆ, ಮತ್ತೆ ಎಲೆ.

ಹೆದ್ದಾರಿ ಬದಿಯ ಚಾ ಅಂಗಡಿಯಲ್ಲಿ ಚೇಷ್ಟೆ ಶುರುವಾಯಿತು.

“ಹ್ವಾಯ್ ಶೀನಣ್ಣ, ನೀ ನೆಟ್ಟದ್ದ್ ಸೇವಂತ್ಗಿಯಾ, ಕಬ್ಬಾ? ಸೊಂಟಕ್ಕ್ ಬಂತಲೆ!”

“ಹೂಂಗ್ ಇಲ್ದಿರೆ ಎಂತ ಆಯ್ತ್, ಸೊಪ್ಪಿನ್ ಪಲ್ಯ ಮಾಡು ಮಾರಾಯ. ನೀ ಹೋಟ್ಲಿನವ ಅಲ್ದಾ!”

ಶೀನ ಚಾ ಗ್ಲಾಸನ್ನು ಗೋಡೆಗೆ ಎಸೆದು ಎದ್ದುಹೋದ ಎಂದು ಅಂಗಡಿಯವನು ಹೇಳಿದ. ನಾರ್ಣ ಕಟ್ಟೆ ಹತ್ತಿ ನೋಡಿ ಸಲಹೆ ಕೊಟ್ಟಿದ್ದ: “ಗೊಬ್ರ ಜಾಸ್ತಿ ಆಯ್ತ್ ಶೀನ. ಹೊಟ್ಟೆ ತುಂಬಿ ಗಿಡ ಬೆಳೂದ್ ಒಂದ್ ಬಿಟ್ಟ್ ಬೇರೆಲ್ಲ ಮರ್ತಿತ್.” ಶೀನ ಅದನ್ನು ಹೀಯಾಳಿಕೆ ಎಂದು ತಿಳಿದ. ಮರುದಿನ ನಾರ್ಣನ ನೀರಿನ ಪೈಪು ಮೂರು ಕಡೆ ಕಡಿದು ಬಿದ್ದಿತ್ತು. ನಾರ್ಣ ದೂರು ಕೊಡಲಿಲ್ಲ. ಪೈಪಿಗೆ ಹಳೆ ಟ್ಯೂಬು ಸುತ್ತಿ ನೀರು ಬಿಟ್ಟ.

ಜನವರಿ ಆರರಂದು ನನಗೆ ಫೋನು ಬಂತು. ಗದ್ದೆಯಲ್ಲಿ ಮನುಷ್ಯ ಮೂಡಿದ್ದಾನೆ, ಬನ್ನಿ ಎಂದರು. ಹೋದೆ. ನಾರ್ಣನ ಗದ್ದೆ ಪೂರ್ತಿ ಹಳದಿ. ಶೀನನದು ಪೂರ್ತಿ ಹಸಿರು, ನಡುವಿನ ಒಂದು ಜಾಗ ಬಿಟ್ಟು. ಅಲ್ಲಿ ಬೆದರುಬೊಂಬೆಯ ಕಾಲ ಬುಡದಿಂದ ಪಡುವಣಕ್ಕೆ ಉದ್ದಕ್ಕೆ ಗಿಡಗಳು ಅರಳಿದ್ದವು. ಕಟ್ಟೆ ಹತ್ತಿ ನೋಡಿದರೆ ಆಕಾರ ಸ್ಪಷ್ಟ: ಉದ್ದ ಮೈ, ಚಾಚಿದ ಎರಡು ಕೈ, ಮೈಗಿಂತ ದಪ್ಪದ ತಲೆ. ಕೌಚಿ ಬಿದ್ದ ಮನುಷ್ಯನ ಹಾಗೆ. ಕಟ್ಟೆಯ ಮೇಲೆ ಐವತ್ತು ಜನ ನಿಂತಿದ್ದರು.

“ಹೆಣ ಮಲ್ಗಿದಂಗ್ ಇತ್ತಲೆ.”

“ತಲೆ ಕಾಣಿ. ಬಾತದ್ದ್.”

“ಯಾರೋ ಮಾಟ ಮಾಡ್ಸಿದ್ದೇ. ಇಲ್ದಿರೆ ಗಿಡಕ್ಕ್ ಚಿತ್ರ ಬರೂಕ್ ಬತ್ತಾ?”

ಶೀನ ಗದ್ದೆಯ ಅಂಚಿನಲ್ಲಿ ಕೂತು ಆ ಆಕಾರವನ್ನೇ ನೋಡುತ್ತಿದ್ದ.

ನಾನು ಫೋಟೋ ತೆಗೆದೆ. ಬರೆದದ್ದು ಇಷ್ಟು: ತಲ್ಲೂರು ಸಮೀಪದ ಸೇವಂತಿಗೆ ಗದ್ದೆಯಲ್ಲಿ ಮನುಷ್ಯಾಕೃತಿಯಲ್ಲಿ ಹೂ ಅರಳಿದ್ದು ಜನರ ಕುತೂಹಲಕ್ಕೆ ಕಾರಣವಾಗಿದೆ. ಉಳಿದ ಗಿಡಗಳಲ್ಲಿ ಮೊಗ್ಗು ಬಂದಿಲ್ಲ. ಕಾರಣ ತಿಳಿದಿಲ್ಲ. ಪಕ್ಕದ ಗದ್ದೆಯಲ್ಲಿ ಎಂದಿನಂತೆ ಹೂವಾಗಿದೆ.

ನಾಲ್ಕು ವಾಕ್ಯ. ಒಂದೂ ಸುಳ್ಳಲ್ಲ. ಏಳರ ಬೆಳಿಗ್ಗೆ ಪತ್ರಿಕೆ ಬಂತು. ಕೊನೆಯ ಎರಡು ವಾಕ್ಯಗಳನ್ನು ಬೈಲಿನವರು ಒಟ್ಟಿಗೆ ಓದಿದರು. ಆ ದಿನವಿಡೀ ರಿಕ್ಷಾ, ಬೈಕುಗಳಲ್ಲಿ ಜನ ಬಂದರು. ಬಂದವರು ಮೊದಲು ಶೀನನ ಗದ್ದೆ ನೋಡಿ, ಆಮೇಲೆ ನಾರ್ಣನ ಗದ್ದೆ ನೋಡಿ, ನಾರ್ಣನನ್ನು ನೋಡಿದರು. ಯಾರೋ ಪತ್ರಿಕೆಯ ಚೂರನ್ನು ಶೀನನ ಮುಂದೆ ಹಿಡಿದು, “ಪೇಪರಂಗೇ ಬಂತಲೆ, ಪಕ್ಕದ್ ಗದ್ದೆ ಅಂದೇಳಿ” ಎಂದರಂತೆ.

ಎಂಟರ ಬೆಳಿಗ್ಗೆ ನಾರ್ಣ ಹೂ ಕೊಯ್ಯಲು ಬಗ್ಗಿದ್ದ. ಶೀನ ಕಟ್ಟೆಯಿಂದ ಕೆಳಗೆ ಹಾರಿದ. ಜಲಜ ಕಟ್ಟೆಯವರೆಗೆ ಓಡಿ ಬಂದಿದ್ದರು. ಪೊಲೀಸರಿಗೆ ಅವರು ಕೊಟ್ಟ ಹೇಳಿಕೆಯಲ್ಲಿ ಇರುವುದು:

“‘ತೆಗಿ ನೀ ಮಾಡ್ಸಿದ್ದನ್ನ, ಸಾಲಾ, ಇವತ್ತೇ ತೆಗಿ’ ಅಂದ್ರ್ ಇವ್ರ್. ನಾರ್ಣಣ್ಣ ‘ಎಂತ ತೆಗುದ್ ಮಾರಾಯ, ನಂಗೆಂತ ಗೊತ್ತಿಲ್ಲೆ’ ಅಂದ. ಕೈಯಂಗೆ ಹೂಂಗ್ ಇತ್ತ್. ಹೂಂಗ್ ಹಿಡ್ದ್ ಕೈಯೇ ಅಡ್ಡ ತಂದ.”

ಕಡಿದ ಮೇಲೆ ಶೀನ ಓಡಲಿಲ್ಲ. ಮೇಲಿನ ಗದ್ದೆಗೆ ಹತ್ತಿ, ಮನುಷ್ಯಾಕಾರದ ಕುತ್ತಿಗೆಯ ಜಾಗದಲ್ಲಿ ಅರಳಿದ್ದ ಗಿಡಗಳನ್ನು ಅದೇ ಕತ್ತಿಯಿಂದ ಕೊಚ್ಚತೊಡಗಿದ. ಪೊಲೀಸರು ಬಂದಾಗ ಎದೆಯವರೆಗೆ ತಲುಪಿದ್ದ. ನಾರ್ಣನನ್ನು ಮೀನಿನ ಟೆಂಪೋದಲ್ಲಿ ಮಲಗಿಸಿ ಕುಂದಾಪುರದ ಆಸ್ಪತ್ರೆಗೆ ಒಯ್ದರು. ಟೆಂಪೋದ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಕಟ್ಟಿ ಕೈಗೆ ಒತ್ತಿದ್ದರು. ನಾನು ಆಸ್ಪತ್ರೆಯ ಬಾಗಿಲಲ್ಲಿ ನೋಡಿದಾಗ ಆ ಗಂಟು ಕೆಂಪಾಗಿ ತೊಟ್ಟಿಕ್ಕುತ್ತಿತ್ತು. ನಾರ್ಣನಿಗೆ ಪ್ರಜ್ಞೆ ಇತ್ತು. ನನ್ನನ್ನು ಗುರುತಿಸಿ ಒಂದೇ ಮಾತು ಕೇಳಿದ:

“ನಾನ್ ಮಾಡ್ಸಿದ್ದಲ್ಲ ಅಂದೇಳಿ ಬರೀತ್ರಿಯಾ?”

ಬರೆಯುತ್ತೇನೆ ಎಂದೆ. ಬರೆಯಲು ನನ್ನ ಬಳಿ ಆಧಾರ ಏನೂ ಇರಲಿಲ್ಲ.

ಅದೇ ಮಧ್ಯಾಹ್ನ ಬೈಂದೂರು ಕಡೆಯಿಂದ ಎರಡು ವಾಹನಗಳಲ್ಲಿ ದಿನೇಶ ಮತ್ತು ಅವನ ಕಡೆಯವರು ಬಂದರು. ಭಾವನನ್ನು ಜೈಲಿಗೆ ಹಾಕಿಸಿದ ಗದ್ದೆ ಎಂದು ನಾರ್ಣನ ಹೂವಿನೊಳಗೆ ನುಗ್ಗಿದರು. “ಮಾಟದ್ ಹೂಂಗ್ ದೇವ್ರ್ ತಲಿಗ್ ಹೋಪುಕಾಗ” ಎಂದು ಕೂಗುತ್ತ ದೋಣಿಯ ಹುಟ್ಟುಗಳಿಂದ ಬಡಿದರು. ಬೇರುಸಮೇತ ಕಿತ್ತು ರಸ್ತೆಗೆ ಎಸೆದರು. ಅರ್ಧ ಗಂಟೆಯ ಕೆಲಸ. ಬಸ್ಸುಗಳು ಆ ಹೂವಿನ ಮೇಲೆ ಹಾದುಹೋದವು. ಸಂಕ್ರಾಂತಿಗೆ ಆರು ದಿನ ಉಳಿದಿತ್ತು. ಎರಡೂ ಗದ್ದೆಗಳಲ್ಲಿ ಕೊಯ್ದು ಮಾರುವಷ್ಟು ಹೂ ಉಳಿಯಲಿಲ್ಲ.

ಹತ್ತರಂದು ಬ್ರಹ್ಮಾವರದಿಂದ ಸುಮತಿ ಟೀಚರ್ ಫೋನ್ ಮಾಡಿದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಹಲೋ ಕೂಡ ಹೇಳಲಿಲ್ಲ.

“ಆ ಗದ್ದೆಯಲ್ಲಿ ದೀಪ ಯಾವ ಬದಿಗೆ ಉಂಟು?”

ಫೋಟೋದಲ್ಲಿ ದೀಪ ಇರಲಿಲ್ಲ. ನನ್ನ ಬೆನ್ನ ಹಿಂದೆ ಇತ್ತು. ಹಾಗೆಂದೆ.

“ಮಾರಾಯ್ರೆ, ನೀವು ತೆಗ್ದದ್ದು ನೆರಳಿನ ಫೋಟೋ.”

ಮರುದಿನ ಅವರನ್ನು ಕರೆದುಕೊಂಡು ಗದ್ದೆಗೆ ಹೋದೆ. ಜಲಜ ಒಬ್ಬರೇ ಇದ್ದರು. ಟೀಚರ್ ಒಂದು ಉರುಳೆ ಬಲೆಯ ಹುರಿ ಕೇಳಿದರು. ನಾನು ಏಣಿ ಹತ್ತಿ ಹುರಿಯ ಒಂದು ತುದಿಯನ್ನು ದೀಪಕ್ಕೆ ಕಟ್ಟಿದೆ. ಜಲಜ ಇನ್ನೊಂದು ತುದಿ ಹಿಡಿದು ಬೊಂಬೆಯ ಗೊರಬಿನ ಅಂಚು ಸವರಿಕೊಂಡು ಬಿಗಿಯಾಗಿ ಎಳೆಯುತ್ತ ನಡೆದರು. ಹುರಿ ನೆಲ ಮುಟ್ಟಿದ ಜಾಗ ಹೂವಿನ ತಲೆಯ ಅಂಚು. ಅಂಗಿಯ ಎಡ ತೋಳಿನ ತುದಿಯಿಂದ ಎಳೆದರು, ಎಡಗೈಯ ತುದಿ. ಬಲ ತೋಳಿನಿಂದ ಎಳೆದಾಗ ಅವರು ತಾವಾಗಿಯೇ ಕೂತುಬಿಟ್ಟರು.

ಟೀಚರ್ ಅವರ ಪಕ್ಕ ಅಂಚಿನಲ್ಲಿ ಕೂತು, ಒಂದು ಎಲೆ ಕಿತ್ತು ಅಂಗೈಯಲ್ಲಿಟ್ಟು ಹೇಳಿದರು. ಅವರು ಹೇಳಿದ್ದನ್ನು ಆ ದಿನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಎಲೆಯ ಒಂದೊಂದು ಜೀವಕೋಶದೊಳಗೂ ಕೆಲವು ಜೀನುಗಳು ಸೇರಿ ಗಡಿಯಾರ ನಡೆಸುತ್ತವೆ. ಬೆಳಗಿನ ಪಾಳಿಯ ಜೀನುಗಳು ಎದ್ದಾಗ ಸಂಜೆಯ ಪಾಳಿಯವನ್ನು ಅದುಮಿ ಹಿಡಿಯುತ್ತವೆ. ಅವುಗಳ ಬಲ ಇಳಿದಾಗ ಸಂಜೆಯವು ಎದ್ದು ಬೆಳಗಿನವನ್ನು ತುಳಿಯುತ್ತವೆ. ಈ ಹೊಡೆದಾಟ ದಿನಕ್ಕೊಂದು ಸುತ್ತು, ಗಿಡ ಸಾಯುವವರೆಗೆ. ಕಾಂಡ ಯಾವ ಹೊತ್ತಿಗೆ ಉದ್ದವಾಗಬೇಕು, ಹೂವು ಯಾವ ಕಾಲಕ್ಕೆ ಬರಬೇಕು ಎಂಬುದು ಎರಡೂ ಅದರ ಕೈಯಲ್ಲಿದೆ. ಸೇವಂತಿಗೆಯಲ್ಲಿ ಎರಡು ಜೀನುಗಳು ಎದುರುಬದುರು ನಿಂತಿವೆ. ಒಂದು ‘ಹೂ ಬಿಡು’ ಎನ್ನುವ ಸಂದೇಶವನ್ನು ಎಲೆಯಿಂದ ತುದಿಗೆ ಕಳಿಸುತ್ತದೆ, ಇನ್ನೊಂದು ‘ಬೇಡ’ ಎನ್ನುವುದನ್ನು. ಕತ್ತಲಾಗಿ ಇಷ್ಟು ಹೊತ್ತಾಯಿತು ಎಂದು ಗಡಿಯಾರ ಎಣಿಸುತ್ತದೆ. ಆ ನಿಗದಿ ಗಳಿಗೆಯಲ್ಲಿ ಬೆಳಕು ಬಿದ್ದರೆ ‘ಬೇಡ’ ಎನ್ನುವುದು ಎದ್ದು ನಿಲ್ಲುತ್ತದೆ. ಕತ್ತಲೆ ಹಾಗೇ ಇದ್ದರೆ ಅದು ಏಳುವುದಿಲ್ಲ, ಮೊಗ್ಗು ಬರುತ್ತದೆ.

“ನಿಮ್ಮ ಗದ್ದೆಗೆ ನವೆಂಬರಿಂದ ಕತ್ತಲೆಯೇ ಆಗ್ಲಿಲ್ಲ ಜಲಜ. ಆ ಬೊಂಬೆ ನೆರಳಿನ ಅಡಿಯಲ್ಲಿ ಇದ್ದವಕ್ಕೆ ಮಾತ್ರ ಆಯ್ತು. ನಾರ್ಣನ ಗದ್ದೆಗೆ ಈ ಕಟ್ಟೆ ನೆರಳು.”

ಜಲಜ ಕಂಬದ ಕಡೆ ತಿರುಗಿದರು.

“ಕಳ್ರ್ ಬಪ್ಪುಕಾಗ ಅಂದೇಳಿ ಹಾಕದ್ದ್, ಟೀಚರೇ.”

“ಗೊತ್ತುಂಟು.”

“ನಮ್ ದಿನೇಶ ತಂದದ್ದ್. ಅಲ್ಲೊಬ್ಬನ್ ತಲೆ ಒಡ್ದ್ ಬಂದ್ ದೀಪ ಅದ್.” ಅವರು ಎದ್ದರು. ಅಡಿಗೆಮನೆಯಿಂದ ತೆಂಗಿನಕಾಯಿ ಸುಲಿಯುವ ಕಬ್ಬಿಣದ ಸೂಲಗಿ ಕಿತ್ತು ತಂದು, ಏಣಿ ಹತ್ತಿ ದೀಪಕ್ಕೆ ಹೊಡೆದರು. ಮೂರನೆಯ ಪೆಟ್ಟಿಗೆ ಅದು ತಂತಿಯ ಸಮೇತ ಕೆಳಗೆ ಬಿತ್ತು. ಗಾಜು ಸಿಡಿದು ಅವರ ಕೆನ್ನೆ ಹರಿಯಿತು. ಬಿದ್ದ ದೀಪಕ್ಕೆ ನೆಲದಲ್ಲೂ ಹೊಡೆದರು, ಕಬ್ಬಿಣ ಬಾಗುವವರೆಗೆ. ಟೀಚರ್ ಸೆರಗಿನಿಂದ ಕೆನ್ನೆಯ ರಕ್ತ ಒರೆಸಲು ಹೋದಾಗ ಕೈ ತಳ್ಳಿ, “ಈಗ ಆರಿಸ್ರೆ ಸಂಕ್ರಾಂತಿಗ್ ಆತ್ತಾ?” ಎಂದು ಕೇಳಿದರು.

ಇಲ್ಲ ಎಂದರು ಟೀಚರ್. ಇನ್ನು ಎರಡು ತಿಂಗಳು ಬೇಕು.

ನಾನು ಬರೆದೆ. ಹುರಿ, ಬೊಂಬೆ, ನೆರಳು, ಗಡಿಯಾರ ಎಲ್ಲವನ್ನೂ. ಡೆಸ್ಕಿನವರು ಅದನ್ನು ಆರನೆಯ ಪುಟದ ಅಡಿಯಲ್ಲಿ, ಫೋಟೋ ಇಲ್ಲದೆ ಹಾಕಿದರು. ಚಾ ಅಂಗಡಿಯ ಗೋಡೆಯಲ್ಲಿ ಏಳನೇ ತಾರೀಕಿನ ಫೋಟೋ ಅಂಟಿಸಿದ್ದರು, ಅದು ಹಾಗೇ ಇತ್ತು. ಹೊಸ ವರದಿ ತೋರಿಸಿದಾಗ ಅಂಗಡಿಯವನು ಓದಿ, “ಹಂಗಾರೆ ಆ ನಾರ್ಣ ದೀಪಕ್ಕೇ ಮಾಡ್ಸಿದ್ದ್” ಎಂದು ಲೋಟ ತೊಳೆಯಲು ಹೋದ. ಶೀನನನ್ನು ನ್ಯಾಯಾಲಯಕ್ಕೆ ತಂದ ದಿನ ಮೆಟ್ಟಿಲ ಬಳಿ ಅವನು ನನ್ನನ್ನು ಕಂಡು ನಿಂತ. ಜಲಜ ಅವನಿಗೆ ಎಲ್ಲ ಹೇಳಿದ್ದರು.

“ಹ್ವಾಯ್, ಪೇಪರಿನವ್ರೆ. ಒಂದ್ ದಿನ ತಡು ಮಾಡಿ ಹಾಕುಕಾತಿರ್ಲಿಲ್ಯಾ ಆ ಪಟ?”

ಪೊಲೀಸರು ಅವನನ್ನು ಒಳಗೆ ತಳ್ಳಿದರು.

ಮಾರ್ಚ್ ಎರಡನೆಯ ವಾರ ಶೀನನ ಗದ್ದೆ ಅರಳಿತು. ಒಂದು ಗಿಡ ಬಿಡದೆ. ಸೊಂಟದೆತ್ತರದ ಗಿಡಗಳು ಹೂವಿನ ಭಾರಕ್ಕೆ ಬಗ್ಗಿ, ಮೇಲಿನ ಹೂವು ಬಿಸಿಲಿಗೆ ಸುಟ್ಟು ಕಂದಾಗುತ್ತಿತ್ತು. ಕೇಳುವವರು ಇರಲಿಲ್ಲ. ನಾನು ಹೋದಾಗ ಜಲಜ ಗಿಡಗಳನ್ನು ಕಿತ್ತು ರಾಶಿ ಹಾಕುತ್ತಿದ್ದರು. ಕೀಳುವುದಲ್ಲ, ಕುತ್ತಿಗೆ ಹಿಡಿದು ತಿರುಚುವ ಹಾಗೆ. ಕೆಳಗಿನ ಗದ್ದೆಯಿಂದ ನಾರ್ಣ ಬಂದ. ಬಲಗೈ ಜೋಳಿಗೆಯಲ್ಲಿ ಕಟ್ಟಿತ್ತು.

“ಗಿಡ ಎಂತ ಮಾಡಿತ್ ನಿಂಗೆ?” ಎಂದ.

ಜಲಜ ನಿಂತರು. ತಿರುಗಿ ನೋಡಲಿಲ್ಲ.

“ಬುಡದ್ ಕಂದ್ ಬಿಡು ಮಾರಾಯ್ತಿ. ನಂದ್ ಒಂದೂ ಒಳಿಲಿಲ್ಲೆ. ಮಳಿಗಾಲ ದಾಟುಕೆ ಬೈಲಂಗ್ ಬೇರೆ ಎಲ್ಲಿತ್ತ್?”

ಅವರು ಆ ರಾಶಿಯನ್ನು ಬಿಚ್ಚಿ, ಬೇರು ಹರಿಯದ ಗಿಡಗಳನ್ನು ಒಂದೊಂದೇ ಆರಿಸಿ ಕಟ್ಟೆಯ ಮೇಲೆ ಇಡತೊಡಗಿದರು. ನಾರ್ಣ ಎಡಗೈಯಲ್ಲಿ ಎತ್ತಿಕೊಂಡು ಹೋದ.

ಆ ಜೂನಿನಲ್ಲಿ ನನಗೆ ಮಂಗಳೂರಿಗೆ ವರ್ಗವಾಯಿತು.

ಮೊನ್ನೆ ಬಸ್ಸಿನಲ್ಲಿ ಜಲಜ ನನ್ನ ಗುರುತು ಹಿಡಿದರು. ಕೆನ್ನೆಯ ಗೀರು ಹಾಗೇ ಇದೆ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರು. ಶೀನ ಜಾಮೀನಿನ ಮೇಲೆ ಹೊರಗಿದ್ದಾನೆ, ಪ್ರಕರಣ ಮುಗಿದಿಲ್ಲ. ಗದ್ದೆಯಲ್ಲಿ ಈಗ ಉದ್ದು ಹಾಕುತ್ತಾರೆ. ಕಂಬ ಇದೆ, ದೀಪ ಇಲ್ಲ. ನಾರ್ಣನ ಎರಡು ಬೆರಳು ಮಡಚುವುದಿಲ್ಲ.

“ಹಂಗಾರೆ ಈ ಹೂಂಗ್?” ಎಂದೆ.

“ನಾರ್ಣಣ್ಣನ್ ಗದ್ದಿದ್. ಅವಂಗೆ ಕೊಯ್ಯುಕ್ ಆತಿಲ್ಲೆ.”

ಹೆಮ್ಮಾಡಿಯಲ್ಲಿ ಬಸ್ಸು ನಿಂತಿತು. ಅವರು ಬುಟ್ಟಿ ಎತ್ತಿಕೊಂಡು ಇಳಿದರು.